ಪರದೆಯ ಮೇಲಿನ ದೋಣಿ

ಗೆಳೆಯ ಸಂಜೀವ ಕುದ್ರೋಳಿಯಲ್ಲಿ ಫೋಟೋ ಸ್ಟುಡಿಯೋ ತೆರೆದ. ಅವನ ಹುರುಪು ನನಗೂ ಹತ್ತಿ, ಗಿರಾಕಿಗಳ ಬೆನ್ನ ಹಿಂದಿರಲೆಂದು ದೊಡ್ಡ ಪರದೆಯ ಮೇಲೆ ಕಡಲನ್ನೂ ನಡುವೆ ಒಂದು ದೋಣಿಯನ್ನೂ ಬರೆದುಕೊಟ್ಟೆ.

ಆಗ ಜೋರು ಮಳೆಗಾಲ. ಮೊದಲು ಬಂದದ್ದು ಬೆಂಗ್ರೆಯ ಮೀನುಗಾರರ ಮನೆಯವರು. ಅಜ್ಜಿ ಪರದೆ ನೋಡಿ ನಿಂತೇಬಿಟ್ಟರು.

“ಈ ಮಳೆಯಲ್ಲಿ ದೋಣಿ ಇಳಿಸಿದ್ದು ಯಾರು? ಒಳಗೆ ಯಾರುಂಟು?”

ಚಿತ್ರದ ದೋಣಿಗೆ ಎಂತ ಮಳೆಗಾಲ? ನನಗೆ ತಲೆಬುಡ ತಿಳಿಯಲಿಲ್ಲ. ಸಮಾಧಾನವಾಗಲೆಂದು, “ಯಾರೂ ಇಲ್ಲ ಅಜ್ಜಿ, ಖಾಲಿ” ಎಂದೆ.

ಅಜ್ಜಿಯ ಮುಖ ಬಿಳಿಚಿಕೊಂಡಿತು. ಸೊಸೆಯಂದಿರು ಮಕ್ಕಳನ್ನು ಎಳೆದುಕೊಂಡು ಬಾಗಿಲಿಗೆ ನಡೆದರು.

“ಖಾಲಿ ದೋಣಿ ಅಂದರೆ ಹೋದವರು ಮುಳುಗಿದರು ಅಂತ ಮಾರಾಯ! ಮಳೆಗಾಲದಲ್ಲಿ ಯಾರೂ ದೋಣಿ ಇಳಿಸುವುದಿಲ್ಲ, ಬೇಗ ದಡಕ್ಕೆ ಎಳೆ!” ಸಂಜೀವ ಗದರಿದ.

ಎಳೆದೆ. ಅಂದರೆ ಅಳಿಸಿ, ಮರಳಿನ ಮೇಲೆ ಬರೆದೆ. ಅಜ್ಜಿ ಬಂದು ನಗುತ್ತಾ ಕೂತರು.

ಮಳೆ ಮುಗಿದು, ಮೀನುಗಾರರು ಮತ್ತೆ ದೋಣಿ ಇಳಿಸುವ ಮೊದಲು ಕಡಲಿಗೆ ಹಾಲೆರೆದು ಪೂಜಿಸಿದ ಮರುದಿನ ಅಜ್ಜಿಯ ಮಗ ಆ ಫೋಟೋ ಹಿಡಿದು ಹಾಜರು. “ಊರವರ ದೋಣಿಯೆಲ್ಲ ಇಳಿದಾಯ್ತು. ನಮ್ಮದು ಮಾತ್ರ ಇನ್ನೂ ದಡದಲ್ಲಿ ಯಾಕೆ?”

ಈಗ ಪ್ರತಿ ವರ್ಷ ಇಳಿಸುತ್ತೇನೆ, ಎಳೆಯುತ್ತೇನೆ. ಇಳಿಸುವಾಗ ಒಳಗೊಬ್ಬನನ್ನು ಕೂರಿಸಲು ಮರೆಯುವುದಿಲ್ಲ. ಮುಖ ಸಂಜೀವನದೇ. ಸ್ಟುಡಿಯೋ ಅವನದಲ್ಲವೇ, ಕಡಲಿಗೂ ಅವನೇ ಹೋಗಲಿ.