ಪಾಟೀಲ ಕಾಕಾರ ಹೊಗೆಪಟ್ಟಿ

ನಮ್ಮ ಮನೆಯ ಗೀಸರು ತಿಂಗಳಿಗೆ ಎಷ್ಟು ಕಿಲೋ ಹೊಗೆ ಬಿಡುತ್ತದೆಂದು ಪಾಟೀಲ ಕಾಕಾ ಬಾಯಿಪಾಠ ಹೇಳುತ್ತಿದ್ದರು. ವಿಜಯಪುರದವರು, ಶಹಾಡ್‌ನ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ಕಲ್ಲಿದ್ದಲಿಗೆ ಲೆಕ್ಕ ಬರೆದೇ ನಿವೃತ್ತರಾದವರು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ನಾಲ್ಕನೇ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಪ್ರತಿ ತಿಂಗಳ ಒಂದನೇ ತಾರೀಕು ಬನಿಯನ್ನಿನಲ್ಲೇ ಇಳಿದು ಬಂದು, ಮೆಟ್ಟಿಲ ಕೆಳಗಿನ ಮೀಟರುಗಳಿಗೆ ಟಾರ್ಚ್ ಬಿಟ್ಟು, ಯಾರ ಮನೆಯ ಕರೆಂಟಿಗಾಗಿ ಎಷ್ಟು ಹೊಗೆ ಎದ್ದಿತೆಂದು ನೋಟಿಸ್ ಬೋರ್ಡಿನಲ್ಲಿ ಕೆಂಪು ಕಂಬಗಳನ್ನು ಎಳೆಯುತ್ತಿದ್ದರು. ಎಲ್ಲರಿಗಿಂತ ಎತ್ತರದ ಕಂಬದವರು ಆ ತಿಂಗಳು ಲಿಫ್ಟ್ ಹತ್ತುವಂತಿಲ್ಲ. ತಮಾಷೆಗೆಂದು ಒಪ್ಪಿ ನಾವೆಲ್ಲ ಸಿಕ್ಕಿಬಿದ್ದಿದ್ದೆವು.

“ದೇಶ ಅಂದ್ರ ಏನು ತಂಗಿ? ನಮ್ಮ ಬಿಲ್ಡಿಂಗಿನಂಥಾದ್ದ ಒಂದು ದೊಡ್ಡ ಸೊಸೈಟಿ. ಈ ಬೋರ್ಡ್ ತಿಳೀತಂದ್ರ ದೇಶದ ಲೆಕ್ಕಾನೂ ತಿಳೀತು,” ಎನ್ನುತ್ತಿದ್ದರು ನನಗೆ.

ಮೂರನೇ ಮಾಳಿಗೆಯ ಜಲಜಕ್ಕ ಉಡುಪಿ ಕಡೆಯವರು, ತುಂಬಿದ ಮನೆ. ಮೊದಲ ಸಲ ಪಾಪ, ಗೀಸರನ್ನು ಮೂಸಿ ನೋಡಿ ಬಂದು, “ಹೊಗೆ ಎಲ್ಲುಂಟು ಮಾರಾಯ್ರೆ?” ಎಂದಿದ್ದರು. “ಇಲ್ಲಲ್ರೀ, ಕರೆಂಟಿಗಂತ ಕಲ್ಲಿದ್ದಲು ಸುಡೋ ಊರಾಗ!” ಎಂದು ಕಾಕಾ ಗುಡುಗಿದ್ದರು. ಐದು ತಿಂಗಳು ಸತತ ಮೆಟ್ಟಿಲು ಹತ್ತಿದ ಮೇಲೆ ಜಲಜಕ್ಕನ ಮಂಡಿ ಮುಷ್ಕರ ಹೂಡಿತು. ಬೋರ್ಡಿನ ಮುಂದೆಯೇ ಕಾಕಾರನ್ನು ತಡೆದು ನಿಲ್ಲಿಸಿದರು.

“ನಮ್ಮಲ್ಲಿ ಒಂಬತ್ತು ಜನ, ನೀವು ಒಬ್ಬರು. ತಲೆಗೆ ಎಷ್ಟಾಯ್ತು ಅಂತ ಲೆಕ್ಕ ಹಾಕಿ ನೋಡುವ!”

ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಕಾಕಾರ ಮುಖ ಅರಳಿತು. “ಅಕ್ಕಾರ, ನಮ್ಮ ದೇಶ ಶ್ರೀಮಂತ ದೇಶಗೋಳಿಗೆ ಕೇಳೂದೂ ಇದನ್ನ!” ಎಂದು ಹೊಸ ಹಾಳೆ ತಂದರು. ತಲೆಗಿಷ್ಟೆಂದು ಹಂಚಿದಾಗ ಜಲಜಕ್ಕನ ಕಂಬ ಬೆರಳುದ್ದಕ್ಕೆ ಕುಸಿಯಿತು. ಕಾಕಾರದು ಬೋರ್ಡ್ ದಾಟಿ, ಗೋಡೆ ಹತ್ತಿ, ಗಣಪತಿ ಫೋಟೋದ ಬುಡಕ್ಕೆ ಹೋಗಿ ನಿಂತಿತು. ಸರ್ಕಾರದ ಅಂಕಿಪಟ್ಟಿಗಳನ್ನು ಇಳಿಸಿಕೊಂಡು ದೇಶದ ಹೊಗೆ ಅಳೆಯಲು ಅವರ ಮನೆಯಲ್ಲಿ ಡಬ್ಬಿಯಂಥ ಎರಡು ಹಳೇ ಕಂಪ್ಯೂಟರು ಇಪ್ಪತ್ತನಾಲ್ಕು ತಾಸೂ ಓಡುತ್ತಿದ್ದವು. ಅವಕ್ಕೆ ಸೆಕೆಯಾಗಬಾರದೆಂದು ಎಸಿ ಬೇರೆ! ಕಾಕಾ ಮಾತ್ರ ಬಾಲ್ಕನಿಯಲ್ಲಿ ಬೀಸಣಿಗೆ ಹಿಡಿದು ಮಲಗುತ್ತಿದ್ದರು.

“ಸ್ವಲ್ಪ ಗಿಡ್ಡ ಮಾಡಿ ಕಾಕಾ,” ಎಂದೆ.

“ಅಂಕಿಗೆ ಮುಲಾಜ ಇರಂಗಿಲ್ಲ ತಂಗಿ,” ಎಂದವರೇ ಮೆಟ್ಟಿಲು ಹಿಡಿದರು. ತಿಂಗಳಿಡೀ ಹತ್ತಿದರು. ಮೂರನೇ ಮಾಳಿಗೆಯಲ್ಲಿ ಜಲಜಕ್ಕ ಮಜ್ಜಿಗೆ ಕೊಟ್ಟು, “ಈಗ ನಿಮ್ಮ ತಲೆಯಿಂದಲೇ ಹೊಗೆ ಬರ್ತಾ ಉಂಟು,” ಎಂದು ನಗುತ್ತಿದ್ದರು.

ಕೆಲವು ವರ್ಷಗಳ ಮೇಲೆ, ತಿಂಗಳ ಪಟ್ಟಿ ಬರೆದ ರಾತ್ರಿಯೇ ಕಾಕಾ ತೀರಿಕೊಂಡರು. ಮುಂದಿನ ಒಂದನೇ ತಾರೀಕು ಬಂದಾಗ ಖಾಲಿ ಬೋರ್ಡ್ ನೋಡಲಾಗದೆ ಜಲಜಕ್ಕ ಟಾರ್ಚ್ ಹಿಡಿದರು, ನಾನು ಬರೆದುಕೊಂಡೆ. ಕಾಕಾರ ಮೀಟರು ಕದಲಿರಲಿಲ್ಲ. ಹಂಚೋಣವೆಂದರೆ ತಲೆಯೂ ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

“ಸೊನ್ನೆ ಬರೀಲಾ ಅಕ್ಕ?”

“ಬೇಡ,” ಎಂದು ಜಲಜಕ್ಕ ಪೆನ್ನು ಕಸಿದುಕೊಂಡು, ಕಾಕಾರ ಹೆಸರಿನ ಮೇಲೆ ಬೆರಳುದ್ದದ ಕೆಂಪು ಕಂಬ ಎಳೆದರು. ಆ ಬೋರ್ಡಿಗೆ ಬಿದ್ದ ಮೊದಲ ಸುಳ್ಳು ಲೆಕ್ಕ ಅದು. ಇಡೀ ಬಿಲ್ಡಿಂಗಿನಲ್ಲಿ ಯಾರೂ ತಕರಾರು ತೆಗೆಯಲಿಲ್ಲ.