ಸುಣ್ಣಕ್ಕೆ ಮುಚ್ಚದ ಗುರುತು

ಕಬಕದ ನಮ್ಮ ಮನೆಯ ಜಗಲಿ ಅಗಲವಾಗಿತ್ತು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಓಣಿಯ ಹೆಂಗಸರು ಬೀಡಿ ಕಟ್ಟಲು ನಮ್ಮಲ್ಲಿಗೇ ಬರುತ್ತಿದ್ದರು. ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು; ಪಕ್ಕದ ಮನೆಯ ಅಕ್ಕ ತುಳು ಮಾತಾಡುವ ಹಿಂದೂಗಳು. ಬೀಡಿ ಎಲೆ, ಹೊಗೆಸೊಪ್ಪು ಇಡುವ ತಮ್ಮ ತಡ್ಪೆಯನ್ನು, ಆ ಮೊರವನ್ನು, ಅಕ್ಕ ಸಂಜೆ ನಮ್ಮ ಜಗಲಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಗೋಡೆಗೆ ಒರಗಿ ಕೂತರೆ ಅವರ ಬಾಯಿಗೆ ಬೀಗವಿರಲಿಲ್ಲ. ಗಂಡನ ಗೊರಕೆಯನ್ನೂ ಮಾಡಿ ತೋರಿಸುತ್ತಿದ್ದರು.

ಒಂದು ಬೆಳಿಗ್ಗೆ ನೋಡಿದರೆ ಅಕ್ಕನ ಬೆನ್ನು ತಾಗುವ ಜಾಗದಲ್ಲೇ ಡಾಮರಿನ ಗುರುತು: ಒಂದು ವೃತ್ತ, ಒಳಗೆ ಕತ್ತಿ. ಓಣಿಯ ಬ್ಯಾರಿ ಮನೆಗಳಿಗೆ ಮಾತ್ರ ಬಳಿದಿದ್ದರು. ಅದೇ ಗುರುತಿನ ಕರಪತ್ರ ಜಂಕ್ಷನ್ನಿನಲ್ಲೂ ಇತ್ತು. ನಮ್ಮ ಮನೆಗಳ ಮೆಟ್ಟಿಲನ್ನು ಹಿಂದೂಗಳು ಹತ್ತಬಾರದು ಎಂದು ಅದರಲ್ಲಿ ಬರೆದಿತ್ತು. ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಿರಲು ಎಲ್ಲರ ಮನೆಯಲ್ಲೂ ಡಾಮರಿನ ಡಬ್ಬಿ ಇರುತ್ತಿತ್ತು. ಇದು ಯಾರ ಡಬ್ಬಿಯದು? ಅಂಗಡಿಯಲ್ಲಿ ಸಾಮಾನು ಕಟ್ಟುವವರ ಉಗುರನ್ನೂ ನೋಡತೊಡಗಿದೆ. ಹಾಳಾದವರು ಗೋಡೆಗಿಂತ ಹೆಚ್ಚು ನನ್ನ ಕಣ್ಣು ಕೆಡಿಸಿದ್ದರು.

ಆ ದಿನ ಯಾರೂ ಬರಲಿಲ್ಲ. ಮಧ್ಯಾಹ್ನ ಅಕ್ಕನ ಗಂಡ ಬಂದು ಅಂಗಳದಲ್ಲೇ ನಿಂತರು.

"ಅವಳ ತಡ್ಪೆ ಉಂಟಲ್ಲ, ಅದನ್ನು ಕೊಡಿ."

"ಅಕ್ಕನಿಗೆ ಹುಷಾರಿಲ್ವಾ?"

"ಹಾಗೆಂತ ಇಲ್ಲ" ಎಂದು ನೆಲ ನೋಡಿದರು.

ನನ್ನ ಗಂಡ ಗುರುತಿನ ಮೇಲೆ ಸುಣ್ಣ ಬಳಿದರು. ಬಿಸಿಲೇರಿದಂತೆ ಡಾಮರು ಕಂದು ಬಣ್ಣವಾಗಿ ಹೊರಗೆ ಬಂತು. ಮತ್ತೆ ಬಳಿದರು, ಮತ್ತೆ ಬಂತು. ಕೆರೆಯಲು ಹೋದರೆ ಮಣ್ಣಿನ ಗೋಡೆಯೇ ಉದುರುತ್ತಿತ್ತು. ನಾನು ಒಬ್ಬಳೇ ಕೂತು ಬೀಡಿ ಕಟ್ಟಿದೆ. ಬೇಲಿಯಾಚೆ ಅಕ್ಕ ಎಲೆ ಕತ್ತರಿಸುವ ಸದ್ದು ಕೇಳಿದರೆ ನನ್ನ ಕತ್ತರಿ ನಿಲ್ಲಿಸುತ್ತಿದ್ದೆ. ಅವರ ಮೇಲೆ ಸಿಟ್ಟಿತ್ತು. ಅವರಿಲ್ಲದೆ ದಿನ ಹೋಗುತ್ತಲೂ ಇರಲಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ದಿನ ಅಕ್ಕ ತಡ್ಪೆ ಹಿಡಿದು ಮೆಟ್ಟಿಲು ಹತ್ತಿಯೇ ಬಿಟ್ಟರು. ಹಳೆಯ ಜಾಗದಲ್ಲೇ, ಆ ಗುರುತಿಗೆ ಬೆನ್ನು ಕೊಟ್ಟು ಕೂತರು.

"ಈಗ ಕಾಣುದಿಲ್ಲ ಅಲ್ವಾ?"

"ಇಲ್ಲ ಅಕ್ಕ."

"ಮತ್ತೆಂತ, ನೂಲು ಕೊಡು ಮಾರಾಯ್ತಿ."

ದಿನವಿಡೀ ಮಾತಾಡಿದೆವು. ಗೊರಕೆಯ ಕಥೆಯೂ ಬಂತು. ನಾನು ಅಷ್ಟು ನಗದೆ ತಿಂಗಳುಗಳಾಗಿದ್ದವು. ಸಂಜೆ ಅಕ್ಕ ಎದ್ದರು. ತಡ್ಪೆಯನ್ನೂ ಎತ್ತಿಕೊಂಡರು.

"ಅದು ಇಲ್ಲೇ ಇರಲಿ ಅಕ್ಕ" ಎಂದೆ.

"ಬೇಡ. ನಮ್ಮ ಮನೆಯವರು ಬರುವ ಹೊತ್ತಾಯ್ತು" ಎಂದು ಬೇಲಿಯ ಕಡೆ ನೋಡಿದರು.

ಅವರು ಇಳಿದು ಹೋದ ಮೇಲೆ ನಾನು ಜಗಲಿ ಗುಡಿಸಿದೆ. ಅವರು ಒರಗಿದ್ದ ಕಡೆ ವೃತ್ತವೂ ಕತ್ತಿಯೂ ಹಾಗೇ ಇದ್ದವು.