ಪರದೆಯನ್ನು ನೋಡದ ಹುಡುಗಿ

ಚೆನ್ನೈನ ಮೀನು ಬಂದರು ಕಾಸಿಮೇಡಿನ ಆ ಶಾಲೆಯ ಕೋಣೆಗೆ ಎರಡು ಕಿಟಕಿಗಳಿದ್ದವು ಎಂದು ಬರೆದು ಹೊಡೆದುಹಾಕಿದ್ದೇನೆ. ಒಂದೇ ಇದ್ದಿರಬಹುದು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದಂತೂ ನಿಜ. ಬಿಸಿಲು ಬಿದ್ದರೆ ನಮ್ಮ ಯಂತ್ರಕ್ಕೆ ಮಕ್ಕಳ ಕಣ್ಣು ಸಿಗುತ್ತಿರಲಿಲ್ಲ. ಮೀನಿನ ವಾಸನೆ ಬರುತ್ತಿತ್ತು ಎಂದು ಬರೆಯುವುದು ಸುಲಭ, ಕಾಸಿಮೇಡು ಅಂದರೆ ಓದುವವರು ಕಾಯುವುದೂ ಅದಕ್ಕೇ. ನನ್ನ ಮೂಗಿನಲ್ಲಿ ಉಳಿದಿರುವುದು ಹೊಸ ಪ್ಲಾಸ್ಟಿಕ್ಕಿನ ವಾಸನೆ. ಅದು ನಾವೇ ಹೊತ್ತು ತಂದದ್ದು.

ಆಗ ನಾನು ಚೆನ್ನೈನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಚಿತ್ರ, ದನಿ, ಅಕ್ಷರ ಮೂರೂ ಇರುವ ವಿಡಿಯೊ ಪಾಠದಿಂದ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದು ವಿಷಯ. ಪರದೆಯ ಕೆಳಗೊಂದು ತೆಳ್ಳಗಿನ ಪಟ್ಟಿ ಇರುತ್ತಿತ್ತು; ಮಗುವಿನ ಕಣ್ಣು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಅದು ಬರೆದಿಟ್ಟುಕೊಳ್ಳುತ್ತಿತ್ತು. ಕಡಲ ಗಾಳಿ ಯಾಕೆ ಬೀಸುತ್ತದೆ ಎಂಬುದು ಪಾಠ. ನಗುವ ಸೂರ್ಯ, ಓಡುವ ಬಾಣಗಳು, ಕೆಳಗೆ ತಮಿಳು ಅಕ್ಷರಗಳು, ಅದನ್ನೇ ಓದುವ ಒಂದು ದನಿ. ಕಡಲು ಆ ಕೋಣೆಯಿಂದ ಕೂಗಳತೆಯಲ್ಲಿತ್ತು. ಬಟ್ಟೆ ಕಟ್ಟಿದ್ದರಿಂದ ಗಾಳಿ ಒಳಗೆ ಬರುತ್ತಿರಲಿಲ್ಲ.

ನಮ್ಮದೊಂದು ನಿಯಮ: ಯಾವ ಮಗುವಿನ ಕಣ್ಣು ಪಾಠದ ಅರ್ಧ ಹೊತ್ತಾದರೂ ಪರದೆಯ ಮೇಲಿಲ್ಲವೋ, ಆ ಮಗುವಿನ ಸಾಲನ್ನು ಕಡತದಿಂದ ಅಳಿಸಬೇಕು. ಪಾಠ ನೋಡದ ಮಗು ಪಾಠದ ಬಗ್ಗೆ ಏನು ಹೇಳೀತು?

ಏಳನೇ ತರಗತಿಯ ಒಬ್ಬಳು ಹುಡುಗಿ ಕೂತಳು. ಕೋಣೆಯಲ್ಲಿ ಆಗ ಅವಳು, ನಾನು ಇಬ್ಬರೇ. ರಿಬ್ಬನ್ ಹಸಿರು. ಇಲ್ಲ, ಬಣ್ಣ ಗೊತ್ತಿಲ್ಲ. ಸೂರ್ಯ ನಗಲು ಶುರುಮಾಡಿದ ಕೂಡಲೇ ಅವಳು ಕಣ್ಣು ಮುಚ್ಚಿದಳು. ಪಾಠ ಮುಗಿದ ಮೇಲೆ ಪ್ರಶ್ನೆ ಕೇಳಿದೆ. ನೆಲ ಯಾಕೆ ಬೇಗ ಕಾಯುತ್ತದೆ, ಬಿಸಿಯಾದ ಗಾಳಿ ಎಲ್ಲಿಗೆ ಹೋಗುತ್ತದೆ, ಆ ಖಾಲಿ ಜಾಗಕ್ಕೆ ಯಾರು ಬರುತ್ತಾರೆ, ಎಲ್ಲವನ್ನೂ ಹೇಳಿದಳು. ಪಾಠಕ್ಕೆ ಮುಂಚೆ ಇದೇ ಪ್ರಶ್ನೆಗಳಿಗೆ "ತೆರಿಯಾದ್‌ಕ್ಕಾ" ಅಂದಿದ್ದವಳು, ಗೊತ್ತಿಲ್ಲ ಎಂದವಳು.

"ಕಣ್ಣು ಯಾಕಮ್ಮಾ ಮುಚ್ಚಿಕೊಂಡೆ?" ಎಂದು ತಮಿಳಿನಲ್ಲಿ ಕೇಳಿದೆ.

"ಕಣ್ಣ ಮೂಡಿನಾದಾನ್‌ಕ್ಕಾ ತೆರಿಯುದು."

ಕಣ್ಣು ಮುಚ್ಚಿದರೇನೇ ಅಕ್ಕಾ ಕಾಣೋದು. ಬಾಣ, ಅಕ್ಷರ, ದನಿ ಎಲ್ಲ ಒಟ್ಟಿಗೆ ಬಂದರೆ ತಲೆ ಸುತ್ತುತ್ತದಂತೆ.

ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಯಾಕೆಂದರೆ ನಮ್ಮ ಶಾಸ್ತ್ರ ಹೇಳುವುದೂ ಅದನ್ನೇ: ಕಣ್ಣಿಗೆ ಹೆಚ್ಚು ತುರುಕಿದರೆ ಮನಸ್ಸು ಹೊರಲಾರದು. ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ನಾನೇ ಅದನ್ನು ಪುಟಗಟ್ಟಲೆ ಬರೆದಿದ್ದೆ. ಅದನ್ನು ಓದದೆಯೇ ಪಾಲಿಸಿದ ಒಂದೇ ಮಗುವನ್ನು ನಾವು ಅಳಿಸಿದೆವು.

ಅಳಿಸಿ ಸುಮ್ಮನಾಗಿದ್ದರೆ ಅದು ನಮ್ಮ ಮೂರ್ಖತನವಾಗಿ ನಮ್ಮಲ್ಲೇ ಉಳಿಯುತ್ತಿತ್ತು. ಕೋಣೆ ಕೊಟ್ಟದ್ದಕ್ಕೆ ಪ್ರತಿಯಾಗಿ ಹೆಡ್‌ಮಿಸ್ ಒಂದು ಪಟ್ಟಿ ಕೇಳಿದ್ದರು: ಯಾವ ಮಕ್ಕಳಿಗೆ ಗಮನವಿದೆ, ಯಾವ ಮಕ್ಕಳಿಗಿಲ್ಲ. ಮೇಡಂ, ಅಂದರೆ ನನ್ನ ಗೈಡ್, ಕೊಡು ಅಂದರು. ವಿಶ್ವವಿದ್ಯಾಲಯದ ಮೊಹರು ಹಾಕಿ, ಪಿನ್ ಹೊಡೆದು ಕೊಟ್ಟೆ. ಪಟ್ಟಿಯ ಕೊನೆಯ ಹೆಸರು ಆ ಹುಡುಗಿಯದು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಅವಳನ್ನು ಬಿ ಸೆಕ್ಷನ್ನಿಗೆ ಹಾಕಿದರು. ಬಿ ಸೆಕ್ಷನ್ನಿಗೆ ಆ ವರ್ಷ ವಿಜ್ಞಾನದ ಟೀಚರೇ ಇರಲಿಲ್ಲ.

ಮೇಡಂ ಮೈಸೂರು ಕಡೆಯವರು. ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಚೆನ್ನೈ ಪಕ್ಕದ ತಾಂಬರಂನಲ್ಲಿ ಹುಟ್ಟಿ ಬೆಳೆದ ನನ್ನ ಕನ್ನಡವನ್ನು ಆಗಾಗ ತಿದ್ದುತ್ತಲೂ ಇದ್ದರು.

"ಪಟ್ಟಿ ವಾಪಸ್ ತಗೋಬೇಕು ಮೇಡಂ. ಅದು ಗಮನದ ಪಟ್ಟಿ ಅಲ್ಲ. ಕಣ್ಣು ಎಲ್ಲಿತ್ತು ಅನ್ನೋದು ಅಷ್ಟೇ."

"ಜರ್ನಲ್‌ಗೆ ಪೇಪರ್ ಕಳಿಸಾಯ್ತಲ್ಲಮ್ಮಾ. ಈಗ ನಮ್ಮ ಅಳತೆನೇ ತಪ್ಪು ಅಂತ ಲೆಟರ್‌ಹೆಡ್‌ನಲ್ಲಿ ಬರ್ಕೊಡ್ಲಾ?"

"ಅವಳು ಎಲ್ಲಾ ಸರಿಯಾಗಿ ಹೇಳಿದಾಳೆ."

"ಮೀನುಗಾರರ ಮನೆ ಹುಡುಗಿ. ಗಾಳಿ ವಿಷ್ಯ ಮೊದ್ಲೇ ಗೊತ್ತಿರತ್ತೆ."

"ಮೊದಲು ಕೇಳಿದಾಗ ಗೊತ್ತಿರಲಿಲ್ಲ ಮೇಡಂ."

"ನೋಡು, ಡೇಟಾದಲ್ಲಿ ಅವಳು ಹುಡುಗಿ ಅಲ್ಲ. ಒಂದು ಸಾಲು. ನೀನ್ಯಾಕೆ ಅವಳ ಚಿಕ್ಕಮ್ಮನ ಥರ ಜಗಳಕ್ಕೆ ನಿಂತಿದೀಯ?"

ಇಷ್ಟೂ ಹೊತ್ತು ಮೇಡಂ ಹಣೆಗೆ ಕೈ ಕೊಟ್ಟು, ಕಣ್ಣು ಮುಚ್ಚಿಕೊಂಡು ನನ್ನ ಮಾತು ಕೇಳುತ್ತಿದ್ದರು ಎಂದು ನನಗೆ ನೆನಪಿದೆ. ಈ ನೆನಪು ತೀರಾ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಅದಕ್ಕೇ ನನಗೆ ಇದರ ಮೇಲೆ ನಂಬಿಕೆಯಿಲ್ಲ. ಸಿಟ್ಟು ತನಗೆ ಬೇಕಾದ ಚಿತ್ರವನ್ನು ತಾನೇ ಬರೆದುಕೊಳ್ಳುತ್ತದೆ.

ಹುಡುಗಿಯ ಉತ್ತರದ ಹಾಳೆ ಹಿಡಿದು ನಾನೊಬ್ಬಳೇ ಶಾಲೆಗೆ ಹೋದೆ. ಹೆಡ್‌ಮಿಸ್ ಕೆಟ್ಟವರಲ್ಲ. ಹಾಳೆ ನೋಡಿದರು, ಪಟ್ಟಿ ನೋಡಿದರು. "ಮೊಹರು ಇದರ ಮೇಲಿದೆ, ಅದರ ಮೇಲಿಲ್ಲ" ಅಂದರು. ಆಮೇಲೆ ಏನನ್ನಿಸಿತೋ, ಹುಡುಗಿಯನ್ನು ಕರೆಸಿದರು. ಸರಿಯಾಗಿ ಹೇಳಿದರೆ ಈಗಲೇ ಎ ಸೆಕ್ಷನ್ನಿಗೆ ಕಳಿಸುತ್ತೇನೆ ಎಂದರು.

"ಕಡಲ ಗಾಳಿ ಯಾಕೆ ಬೀಸುತ್ತೆ, ಹೇಳು."

ಹುಡುಗಿ ಕೈ ಕಟ್ಟಿ ನಿಂತು ಕಣ್ಣು ಮುಚ್ಚಿದಳು. ಎರಡು ವಾಕ್ಯ ನೆಟ್ಟಗೆ ಬಂತು.

"ಇದೇನು, ನಿಂತಲ್ಲೇ ನಿದ್ದೆನಾ? ಕಣ್ಣ ತೊರ! ಟೀಚರ್ ಮುಖ ನೋಡಿ ಹೇಳ್ಬೇಕು!"

ತೊರ ಅಂದರೆ ತೆರೆ. ಅವಳು ಕಣ್ಣು ತೆರೆದಳು. ಹೆಡ್‌ಮಿಸ್ಸನ್ನು, ಅವರ ಹಿಂದಿನ ಬೀರುವನ್ನು, ಬೀರುವಿನ ಮೇಲಿನ ಬಹುಮಾನದ ಬಟ್ಟಲುಗಳನ್ನು ನೋಡಿದಳು. ನನ್ನನ್ನು ನೋಡಿದಳು. ಬಿಸಿ ಗಾಳಿ ಮೇಲಕ್ಕೆ, ಅಂದಳು. ಮೇಲಕ್ಕೆ. ಅಲ್ಲಿಗೇ ನಿಂತಳು.

"ಕಣ್ಣು ಮುಚ್ಚೋಕೆ ಬಿಡಿ ಮಿಸ್" ಎಂದೆ. ಗಟ್ಟಿಯಾಗಿಯೇ ಎಂದೆ.

"ಪರೀಕ್ಷೆ ಹಾಲ್‌ನಲ್ಲೂ ಮುಚ್ಚಿಕೊಂಡೇ ಬರೀತಾಳಾ?" ಅಂದರು ಅವರು, ನಗುತ್ತಾ. ಹುಡುಗಿ ಬಿ ಸೆಕ್ಷನ್ನಿಗೇ ವಾಪಸು ಹೋದಳು.

ಪೇಪರ್ ಅಚ್ಚಾಯಿತು. 'ಕಣ್ಣಿನ ದಾಖಲೆ ದೊರೆಯದ ಒಬ್ಬ ವಿದ್ಯಾರ್ಥಿನಿಯನ್ನು ಕೈಬಿಡಲಾಗಿದೆ' ಎಂಬ ಅರ್ಥದ ಒಂದು ಸಾಲು ಅದರಲ್ಲಿದೆ. ಕೈಬಿಡಲಾಗಿದೆಯಂತೆ, ಯಾರೂ ಬಿಡದೆ ತಾನೇ ಬಿದ್ದು ಹೋದಳೆಂಬಂತೆ. ಬಿಟ್ಟವರ ಹೆಸರು ಶೀರ್ಷಿಕೆಯ ಕೆಳಗಿದೆ, ಎರಡನೆಯದು ನನ್ನದು. ತೆಗೆಸಬಹುದಿತ್ತು. ತೆಗೆಸಲಿಲ್ಲ.

ಪ್ರತಿ ಮಗು ಪಾಠಕ್ಕೆ ಕೂತಾಗಲೂ ದನಿ ಮುದ್ರಿಸಿಕೊಳ್ಳುತ್ತಿದ್ದೆವು; ಇದನ್ನು ಬರೆಯುವ ಮೊದಲು ಅವಳು ಪಾಠಕ್ಕೆ ಕೂತ ದಿನದ ಧ್ವನಿಮುದ್ರಿಕೆಯನ್ನು ಹುಡುಕಿ ಕೇಳಿದೆ. ಅವಳು ಕಣ್ಣು ಮುಚ್ಚಿದಾಗ ನಾನು ತಡೆಯದೆ ಸುಮ್ಮನೆ ಕೂತಿದ್ದೆ ಎಂದೇ ಇಷ್ಟು ದಿನ ನಂಬಿದ್ದೆ. ಎಲ್ಲರಿಗೂ ಹಾಗೇ ಹೇಳಿದ್ದೆ. ಮುದ್ರಿಕೆಯಲ್ಲಿ ಪಾಠದ ದನಿ ಇದೆ, ಬೆಂಚು ಕಿರುಗುಟ್ಟುವುದಿದೆ. ಅದರ ನಡುವೆ ಇನ್ನೊಂದು ದನಿ, ಮೆತ್ತಗೆ, ಮುದ್ದಿನಿಂದ, ಮೂರು ಸಲ:

"ಕಣ್ಣ ತೊರಮ್ಮಾ. ಸ್ಕ್ರೀನ್ ನೋಡು. ಕಣ್ಣ ತೊರ."

ಆ ದನಿ ಹೆಡ್‌ಮಿಸ್ಸಿನದಲ್ಲ.